ಇನ್ನೂರು ಮೀಟರಿನೊಳಗೆ ಒಂದೇ ಮನೆ

ಚಕ್ರಪಾಣಿ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಪುರಸಭೆಯ ಅಳತೆ ವಿಭಾಗದಲ್ಲಿ ಮೂವತ್ತು ವರ್ಷದಿಂದ ಅವನು ತಳ್ಳಿಕೊಂಡು ತಿರುಗುತ್ತಿದ್ದ ಗಾಲಿಯನ್ನು ನೋಡಿ ಕಚೇರಿಯವರು ಇಟ್ಟ ಅಡ್ಡಹೆಸರು. ಉದ್ದನೆಯ ಹಿಡಿಕೆ, ಕೆಳಗೊಂದು ರಬ್ಬರ್ ಗಾಲಿ, ಮೀಟರಿಗೊಮ್ಮೆ ಟಿಕ್ ಎಂದು ಅಂಕಿ ಬದಲಿಸುವ ಪುಟ್ಟ ಡಬ್ಬಿ. ಇಷ್ಟೇ ಆ ಯಂತ್ರ. ಅದು ಒಂದು ಅಂಕಿ ಹೇಳಿತೆಂದರೆ ಖುದ್ದು ಅಧ್ಯಕ್ಷರೇ ಬಂದು ಕಣ್ಣು ಕೆಂಪಗೆ ಮಾಡಿದರೂ ಚಕ್ರಪಾಣಿ ಬೇರೆ ಅಂಕಿ ಬರೆಯುತ್ತಿರಲಿಲ್ಲ. ಕೈ ಬೆಚ್ಚಗೆ ಮಾಡಲು ಬಂದವರು ಅವನ ಮುಖ ನೋಡಿ ತಾವೇ ನಾಚಿಕೊಂಡು ಹಿಂದಿರುಗಿದ್ದುಂಟು. ಇಂಥ ಮನುಷ್ಯ ಸರ್ವೀಸಿನಲ್ಲಿ ಒಂದೇ ಒಂದು ಸಲ ಸಭೆಯಲ್ಲಿ ಬಾಯಿ ಬಿಟ್ಟ. ಆಮೇಲೆ ಆದದ್ದಕ್ಕೆಲ್ಲ ಅದೇ ಕಾರಣ.

ಅವನ ಬೀದಿಯ ಒಂದು ಸಾಲಿನ ಮನೆಗಳ ಬೆನ್ನಿಗೆ ದೊಡ್ಡದೊಂದು ಬಯಲಿತ್ತು. ಹಿಂದೆ ಸಾಬೂನಿನ ಕಾರ್ಖಾನೆ ಇದ್ದ ಜಾಗ. ಈಗ ಅಲ್ಲಿ ಇದ್ದದ್ದು ಮುಳ್ಳುಗಿಡ, ಒಡೆದ ಬಾಟಲಿ, ಮತ್ತು ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಕಸ. ಅಲ್ಲೊಂದು ಪಾರ್ಕು ಬೇಕೆಂದು ಬೀದಿಯವರು ಹನ್ನೊಂದು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದರು. ಇದಕ್ಕೆ ಮುಂದಾಳು ಚಕ್ರಪಾಣಿಯ ಪಕ್ಕದ ಮನೆಯ ವಕೀಲರು. ಶುದ್ಧ ಗಾಳಿ ನಾಗರಿಕರ ಹಕ್ಕು ಎಂದು ಅವರು ಭಾಷಣ ಮಾಡಿದರೆ ಕೇಳುವವರಿಗೆ ನಿಂತಲ್ಲೇ ಕೆಮ್ಮು ವಾಸಿಯಾದಂತೆ ಅನಿಸುತ್ತಿತ್ತು.

ಚಕ್ರಪಾಣಿಗೆ ಪಾರ್ಕು ಬೇಕಾಗಿದ್ದದ್ದು ಹಕ್ಕಿಗಾಗಿ ಅಲ್ಲ, ಅಕ್ಕನಿಗಾಗಿ. ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ತಾಯಿ ಇಲ್ಲದ ತಮ್ಮನನ್ನು ಸಾಕಿ, ಓದಿಸಿ, ಅವನ ಮದುವೆ ಮಾಡಿ, ತಾನು ಮದುವೆಯ ಮಾತೆತ್ತದೆ ಅವನ ಮನೆಯಲ್ಲೇ ಉಳಿದವಳು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗಾಲು ಎಳೆಯುವಂತಾಯಿತು. ದಿನಾ ನಡೆಯಬೇಕು, ಸಮನಾದ ಮಣ್ಣಿನ ನೆಲದಲ್ಲಿ ನಡೆಯಬೇಕು, ಇಲ್ಲದಿದ್ದರೆ ಇರುವ ಶಕ್ತಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೀದಿಯೋ ಇಳಿಜಾರು, ಮೇಲೆ ಲಾರಿಗಳ ಕಾಟ. ಹಾಗಾಗಿ ಅಕ್ಕ ಮನೆಯ ಹಾಲ್‌ನ ಕಿಟಕಿಯಿಂದ ಅಡುಗೆಮನೆಯ ಬಾಗಿಲವರೆಗೆ ಹದಿನಾಲ್ಕು ಹೆಜ್ಜೆ ಹೋಗಿ, ತಿರುಗಿ ಹದಿನಾಲ್ಕು ಹೆಜ್ಜೆ ಬಂದು ದಿನ ದೂಡುತ್ತಿದ್ದಳು. ನೂರಿಪ್ಪತ್ತಾದ ಮೇಲೆ ಕೂತುಬಿಡಬೇಕು, ಅದು ಅವಳ ಮಿತಿ. ಪಾರ್ಕಿನ ನಕ್ಷೆಯನ್ನು ಚಕ್ರಪಾಣಿ ಮನೆಗೆ ತಂದು ತೋರಿಸಿದಾಗ ಅವಳು ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ ಪ್ರಶ್ನೆ.

"ನಮ್ಮ ಹಿತ್ತಿಲ ಬಾಗಿಲಿಂದ ಮೊದಲನೇ ಬೆಂಚಿಗೆ ಎಷ್ಟು ಹೆಜ್ಜೆ ಆಗತ್ತೋ?"

"ತೊಂಬತ್ತು."

"ಹಾಗಾದ್ರೆ ಆಯ್ತು ಬಿಡು," ಎಂದಳು ಅಕ್ಕ. ಇಡೀ ಪಾರ್ಕೇ ಮಂಜೂರಾದಷ್ಟು ಸಮಾಧಾನ ಅವಳ ಮುಖದಲ್ಲಿತ್ತು.

ಪಾರ್ಕಿಗೆ ಹಣ ಎಲ್ಲಿಂದ ತರುವುದು ಎಂಬ ಮಾತು ಬಂದಾಗ ಪುರಸಭೆ ಆಸ್ತಿ ತೆರಿಗೆಯ ಜೊತೆ ಉದ್ಯಾನ ತೆರಿಗೆ ಸೇರಿಸುವ ಪ್ರಸ್ತಾವ ತಂದಿತು. ಊರಿನ ಆ ತುದಿಯವರು ಕಾಲು ಕೆರೆದು ಜಗಳಕ್ಕೆ ಬಂದರು. ಗಾಳಿ ಕುಡಿಯುವವರು ಅವರು, ದುಡ್ಡು ಕಟ್ಟುವವರು ನಾವು, ಇದ್ಯಾವ ನ್ಯಾಯ ಎಂದರು. ಮಾತು ನಿಜವೇ ಆಗಿತ್ತು. ಕೊನೆಗೆ ಹತ್ತಿರದವರು ಪೂರ್ತಿ, ಸ್ವಲ್ಪ ದೂರದವರು ಅರ್ಧ, ತೀರಾ ದೂರದವರು ಏನೂ ಕಟ್ಟಬೇಡಿ ಎಂದು ತೀರ್ಮಾನವಾಯಿತು. ಇನ್ನೂರು ಮೀಟರಿನೊಳಗೆ ಪೂರ್ತಿ, ಐನೂರರ ತನಕ ಅರ್ಧ. ಆದರೆ ದೂರವನ್ನು ಅಳೆಯುವುದು ಹೇಗೆ? ನಕ್ಷೆಯ ಮೇಲೆ ಸ್ಕೇಲಿಟ್ಟು ಗೀಟು ಎಳೆದರಾಯಿತು ಎಂದರು ಎಂಜಿನಿಯರು.

"ನಾವೇನು ಕಾಗೆಗಳಾ ಸ್ವಾಮಿ, ಹಾರ್ಕೊಂಡು ಹೋಗೋಕೆ?" ಎಂದರು ವಕೀಲರು.

ಆಗ ಹಿಂದಿನ ಬೆಂಚಿನಲ್ಲಿ ಕೂತಿದ್ದ ಚಕ್ರಪಾಣಿ ಎದ್ದು ನಿಂತ. ಕಸುಬಿನ ಮೇಲಿನ ಅಭಿಮಾನ ಅವನನ್ನು ಎಬ್ಬಿಸಿತು ಎಂದರೂ ಸರಿ. "ಮನೆ ಬಾಗಿಲಿಂದ ಪಾರ್ಕಿನ ಗೇಟಿನ ತನಕ ಜನ ನಿಜವಾಗಿ ನಡೆದು ಹೋಗೋ ದಾರೀನ ಅಳೀಬೇಕು ಸಾರ್. ಗಾಲಿ ಸುಳ್ಳು ಹೇಳಲ್ಲ," ಎಂದ. ಸಭೆ ಚಪ್ಪಾಳೆ ತಟ್ಟಿತು. ಅವನು ಆಡಿದ ಮಾತು ಅಕ್ಷರ ಬಿಡದಂತೆ ನಿಯಮದ ಪುಸ್ತಕಕ್ಕೆ ಹೋಯಿತು. ಅಂದು ಅವನು ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ ಮನೆಗೆ ನಡೆದ.

ನಕ್ಷೆಯಲ್ಲಿ ಗೇಟು ಬರಬೇಕಾದ ಜಾಗದ ತನಕ ಮಾಡಿದ ಮೊದಲ ಅಳತೆಯಲ್ಲಿ ಬೀದಿಯ ಮೂವತ್ತೆರಡು ಮನೆಗಳೂ ಇನ್ನೂರರೊಳಗೆ ಬಂದವು. ಬಾರದೆ ಏನು? ಒಂದು ಸಾಲಿನ ಮನೆಗಳಿಗೆಲ್ಲ ಬಯಲಿನ ಕಡೆ ಹಿತ್ತಿಲ ಬಾಗಿಲಿತ್ತು. ಎದುರು ಸಾಲಿನವರಿಗೆ ಮನೆಗಳ ನಡುವಿನ ಮೂರು ಸಂದಿಗಳಿದ್ದವು. ನೋಟಿಸು ಮನೆ ಸೇರಿದ ಮರುದಿನ ವಕೀಲರ ಹಿತ್ತಿಲಲ್ಲಿ ಇಟ್ಟಿಗೆ ಇಳಿಯಿತು. ಸಂಜೆಯ ಹೊತ್ತಿಗೆ ಅಲ್ಲಿ ಬಾಗಿಲಿದ್ದ ಗುರುತೇ ಇರಲಿಲ್ಲ. ಕಳ್ಳರ ಭಯವಂತೆ. ಆಮೇಲೆ ಅವರು ಮರು ಅಳತೆಗೆ ಅರ್ಜಿ ಹಾಕಿದರು. ಈಗ ಅವರ ದಾರಿ ಸಂದಿಯಿಂದ ಹೋಗುತ್ತಿತ್ತು, ದೂರ ಇನ್ನೂರ ಹತ್ತು, ತೆರಿಗೆ ಅರ್ಧ.

ವಕೀಲರು ಮಾಡಿದ್ದು ಎಂದ ಮೇಲೆ ಅದು ಕಾನೂನೇ ಇರಬೇಕಲ್ಲ. ಒಂದು ವಾರದಲ್ಲಿ ಸಾಲಿಗೆ ಸಾಲೇ ಹಿತ್ತಿಲ ಬಾಗಿಲಿಗೆ ಇಟ್ಟಿಗೆ ಹಾಕಿತು. ಎದುರು ಸಾಲಿನ ಔಷಧಿ ಅಂಗಡಿಯವರು ಇನ್ನೂ ದೂರ ಯೋಚಿಸಿ, ಸಂದಿಗಳನ್ನೇ ಮುಚ್ಚಿಬಿಟ್ಟರೆ ಎಲ್ಲರೂ ಮುಖ್ಯ ರಸ್ತೆ ಸುತ್ತಿ ಆರುನೂರು ಮೀಟರು ನಡೆಯಬೇಕಾಗುತ್ತದೆ, ಆಗ ಯಾರಿಗೂ ಒಂದು ಬಿಡಿಗಾಸೂ ಬೀಳುವುದಿಲ್ಲ ಎಂದು ತೋರಿಸಿಕೊಟ್ಟರು. ಹನ್ನೊಂದು ವರ್ಷ ಪಾರ್ಕಿಗಾಗಿ ಒಗ್ಗಟ್ಟಾಗದ ಬೀದಿ ಒಂದೇ ಭಾನುವಾರ ಒಗ್ಗಟ್ಟಾಗಿ ಮೂರು ಸಂದಿಗೂ ಗೋಡೆ ಎಬ್ಬಿಸಿತು. ಮೂಲೆಮನೆಯ ದರ್ಜಿಗೆ ಮಾತ್ರ ಅದೂ ಸಾಲಲಿಲ್ಲ. ಅವನ ಮನೆ ಮುಖ್ಯ ರಸ್ತೆಯ ಕಡೆಯಿಂದಲೇ ನಾನೂರ ತೊಂಬತ್ತೆರಡಕ್ಕೆ ನಿಂತಿತ್ತು. ಎಂಟೊಂಬತ್ತು ಮೀಟರಿಗಾಗಿ ಅವನು ಮುಂಬಾಗಿಲಿಗೆ ಬೀಗ ಜಡಿದು, ಮನೆಯ ಆ ಪಕ್ಕದ ಅಡುಗೆಮನೆ ಕಿಟಕಿಯನ್ನು ಬಾಗಿಲು ಮಾಡಿ, ಮನೆ ನಂಬರನ್ನು ಅದರ ನೆತ್ತಿಗೆ ಹೊಡೆಸಿದ. ಅವನ ಮನೆಗೆ ಬಂದ ನೆಂಟರು ಪಾತ್ರೆ ತೊಳೆಯುವ ತೊಟ್ಟಿ ದಾಟಿ ಒಳಗೆ ಇಳಿಯಬೇಕಿತ್ತು.

ಚಕ್ರಪಾಣಿ ಏನು ಮಾಡಿಯಾನು? ಅರ್ಜಿ ಬಂದಂತೆ ಗಾಲಿ ತಳ್ಳಿದ, ಅದು ಹೇಳಿದ ಅಂಕಿ ಬರೆದ. ಮೂವತ್ತೊಂದು ಮನೆಗಳು ಒಂದೊಂದಾಗಿ ಪಾರ್ಕಿನಿಂದ ದೂರ ಸರಿದವು. ಇದ್ದಲ್ಲೇ ಉಳಿದದ್ದು ಅವನ ಮನೆ ಒಂದೇ.

"ರೀ, ನಮ್ಮ ಹಿತ್ತಿಲ ಬಾಗಿಲಿಗೂ ನಾಲ್ಕು ಇಟ್ಟಿಗೆ ಹಾಕಿಸಬಾರದಾ?" ಎಂದಳು ಹೆಂಡತಿ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವಳು. ಹರಿದ ಲಕೋಟೆಯ ಒಳಬದಿಯಲ್ಲೂ ಸಾಮಾನಿನ ಪಟ್ಟಿ ಬರೆಯುವಷ್ಟು ಹಿಡಿತ. "ಊರಿಗೆಲ್ಲ ಇರೋ ಬುದ್ಧಿ ನಮಗೆ ಯಾಕಿಲ್ಲ? ಬೀದಿಗೆಲ್ಲ ನಾವೇ ಪಾರ್ಕು ಕಟ್ಟಿಸಿಕೊಟ್ಟ ಹಾಗಾಗತ್ತೆ."

"ಅಕ್ಕ ಆರುನೂರು ಮೀಟರು ಸುತ್ತಿ ಹೋಗ್ತಾಳಾ?"

"ನಾನು ಅತ್ತಿಗೆ ವಿಷಯ ಎತ್ತಲಿಲ್ಲ. ಇಟ್ಟಿಗೆ ವಿಷಯ ಅಂದೆ ಅಷ್ಟೆ."

ಈ ಮಾತು ಮೂರು ನಾಲ್ಕು ದಿನ ಊಟದ ಜೊತೆ ಬಡಿಸಲ್ಪಟ್ಟಿತು. ಅಕ್ಕ ಹಾಲ್‌ನಲ್ಲಿ ಹದಿನಾಲ್ಕು ಹೆಜ್ಜೆ ಎಣಿಸುತ್ತಲೇ ಕೇಳಿಸಿಕೊಂಡಳು. ಐದನೆಯ ದಿನ ಗಂಡ ಹೆಂಡತಿ ಕೆಲಸ ಮುಗಿಸಿ ಒಟ್ಟಿಗೆ ಮನೆಗೆ ಬಂದರೆ, ಹಿತ್ತಿಲಲ್ಲಿ ಗಾರೆಯವನು ಸೊಂಟದೆತ್ತರಕ್ಕೆ ಗೋಡೆ ತಂದಿದ್ದ. ಅಕ್ಕ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸಾಲು ನೆಟ್ಟಗಿದೆಯೇ ಎಂದು ನೋಡುತ್ತಿದ್ದಳು.

"ಇದೇನಕ್ಕ ಇದು?"

"ನನ್ನದೊಂದು ಕಾಲಿಗೋಸ್ಕರ ಮನೆಯವರೆಲ್ಲ ಯಾಕೋ ದಂಡ ಕಟ್ಬೇಕು? ಹಾಲಿನಲ್ಲೇ ಚೆನ್ನಾಗಿದೆ ನಂಗೆ. ಫ್ಯಾನೂ ಇದೆ. ಗಾಲಿ ತಂದು ಅಳೆದು ಬರ್ಕೋ."

ಹೆಂಡತಿ ಕೈಚೀಲ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೂ ಹಸಿಯಾಗಿದ್ದ ಗೋಡೆಯ ಮೇಲಿನ ಇಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಎರಡನೆಯದನ್ನು ಎತ್ತಿದಳು. ಮೂರನೆಯದಕ್ಕೆ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ನಾನು ಗೊಣಗೋದು ನಿಜ ಅತ್ತಿಗೆ. ಅದು ನನ್ನ ಸ್ವಭಾವ. ಗೊಣಗಿದ್ದನ್ನೆಲ್ಲ ನೀವು ಕಟ್ಟಿಸ್ತಾ ಹೋದ್ರೆ ಈ ಮನೇಲಿ ಬಾಗಿಲೇ ಉಳಿಯಲ್ಲ," ಎಂದಳು. ಗಾರೆಯವನು ಕಟ್ಟಿದ್ದಕ್ಕೊಂದು, ಕೆಡವಿದ್ದನ್ನು ನೋಡಿಕೊಂಡು ನಿಂತದ್ದಕ್ಕೊಂದು ಕೂಲಿ ಕೇಳಿದ. ಅವಳು ಎರಡನೆಯದಕ್ಕೆ ಮೂಗು ಮುರಿದಳು.

ತೆರಿಗೆ ಕಟ್ಟುವವರು ಇರಲಿ ಬಿಡಲಿ, ಪಾರ್ಕಿನ ಕಂಟ್ರಾಕ್ಟು ಅಧ್ಯಕ್ಷರ ಭಾವಮೈದುನನಿಗೆ ಆಗಲೇ ಹೋಗಿತ್ತು. ಹಾಗಾಗಿ ಪಾರ್ಕು ಎದ್ದಿತು. ಹುಲ್ಲು, ಹೂವಿನ ಗಿಡ, ಮಣ್ಣಿನ ಕಾಲುದಾರಿ, ಹಸಿರು ಬಣ್ಣದ ಬೆಂಚುಗಳು, ಮನೆಗಳ ಬೆನ್ನಿನ ಕಡೆಗೊಂದು ಗೇಟು. ಗೇಟಿನ ಪಕ್ಕದ ಕಲ್ಲಿನ ಮೇಲೆ 'ನೆರೆಹೊರೆಯ ತೆರಿಗೆದಾರರ ಉದಾರ ಕೊಡುಗೆಯಿಂದ' ಎಂದು ಕೆತ್ತಿಸಿದರು. ನೆರೆಹೊರೆಯ ಸಮಸ್ತ ತೆರಿಗೆದಾರರು ಉದ್ಘಾಟನೆಯ ದಿನ ಮೂರು ಕುರ್ಚಿಗಳಲ್ಲಿ ಕೂತಿದ್ದರು: ಚಕ್ರಪಾಣಿ, ಅವನ ಹೆಂಡತಿ, ಅಕ್ಕ. ಉಳಿದವರು ತಮ್ಮ ತಮ್ಮ ಮಹಡಿಯಿಂದ ನೋಡಿದರು.

ಮರುದಿನದಿಂದ ಅಕ್ಕ ಬೆಳಿಗ್ಗೆ ಹತ್ತಕ್ಕೆ ಹಿತ್ತಿಲ ಬಾಗಿಲು ತೆರೆದು, ಒಂದು ಎರಡು ಎಂದು ತನಗೆ ತಾನೇ ಆಜ್ಞೆ ಕೊಟ್ಟುಕೊಂಡು ಹೊರಟಳು. ತೊಂಬತ್ತಕ್ಕೆ ಬೆಂಚು ಸಿಕ್ಕಿತು. ತಿಂಗಳೊಳಗೆ ಎರಡನೆಯ ಬೆಂಚಿಗೂ ಹೋಗುವಂತಾದಳು. ಇಡೀ ಪಾರ್ಕಿನಲ್ಲಿ ಅವಳೊಬ್ಬಳೇ. ಆರುನೂರು ಮೀಟರು ಲಾರಿಗಳ ನಡುವೆ ಸುತ್ತಿ ಬಂದು ಶುದ್ಧ ಗಾಳಿ ಕುಡಿಯುವ ಉತ್ಸಾಹ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಒಂದು ದಿನ ಎರಡು ಬೆಂಚುಗಳ ನಡುವೆ ಅವಳು ಬಿದ್ದಳು. ಚಕ್ರಪಾಣಿ ಪುರಸಭೆಯಲ್ಲಿ, ಅವನ ಹೆಂಡತಿ ಅಂಚೆ ಕಚೇರಿಯಲ್ಲಿ. ಏಳಲು ಆಗಲಿಲ್ಲ, ಕೂಗಿದರೆ ಕೇಳುವವರಿಲ್ಲ. ಔಷಧಿ ಅಂಗಡಿಯವರ ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೋದವಳು ಕಂಡಳು. ಕೆಳಗಿಳಿದು ಸಂದಿಗೆ ಓಡಿದರೆ ಅಲ್ಲಿ ತನ್ನ ಗಂಡ ಕಟ್ಟಿಸಿದ ಗೋಡೆ. ಚಕ್ರಪಾಣಿಯ ಮುಂಬಾಗಿಲು ತಟ್ಟಿದರೆ ಒಳಗಿನಿಂದ ಚಿಲಕ. ಕೊನೆಗೆ ಆ ಭಾರಿ ಮೈಯ ಹೆಂಗಸು ಮುಖ್ಯ ರಸ್ತೆ ಸುತ್ತಿ ಓಡಿ, ಏದುಸಿರು ಬಿಡುತ್ತ ಪಾರ್ಕು ಮುಟ್ಟುವಾಗ ಅಕ್ಕ ಬಿದ್ದು ಅರ್ಧ ಗಂಟೆಯಾಗಿತ್ತು. ಅಕ್ಕ ಮಣ್ಣಲ್ಲಿ ಕೂತೇ ಇದ್ದಳು.

"ನೆಲ ನಿಜವಾಗ್ಲೂ ಸಮ ಮಾಡಿದಾರಾ ಅಂತ ನೋಡ್ತಾ ಇದ್ದೆ ಕಣಮ್ಮ," ಎಂದಳು.

ಆಕೆ ಅಕ್ಕನನ್ನು ಎಬ್ಬಿಸಿ, ತೋಳು ಹಿಡಿದು, ಹಿತ್ತಿಲ ಬಾಗಿಲಿಂದ ಒಳಗೆ ಕರೆತಂದು ಮಲಗಿಸಿ, ಹಾಲ್ ದಾಟಿ ಮುಂಬಾಗಿಲಿಂದ ತನ್ನ ಮನೆಗೆ ಹೋದಳು. ಹೋಗುವಾಗ ಅವಳಿಗೆ ಒಂದು ವಿಷಯ ಹೊಳೆಯಿತು. ಮರುದಿನ ಚಪ್ಪಲಿ ಕೈಯಲ್ಲಿ ಹಿಡಿದು ಬಂದಳು.

"ಒಬ್ಬರೇ ಹೋಗಬೇಡಿ ಅಕ್ಕಾ, ನಾನೂ ಬರ್ತೀನಿ. ನಿಮ್ಮ ಮನೆ ಒಳಗಿಂದಲೇ ಹೋಗೋಣ. ಎಷ್ಟು ಹತ್ತಿರ."

ಮೂರನೆಯ ದಿನ ಅವಳ ಓರಗಿತ್ತಿ ಬಂದಳು. ವಾರ ಕಳೆಯುವಷ್ಟರಲ್ಲಿ ದರ್ಜಿಯ ಸಂಸಾರ. ತಿಂಗಳಾಗುವಷ್ಟರಲ್ಲಿ ಬೆಳಿಗ್ಗೆ ಆರಕ್ಕೆ ಅಕ್ಕ ಮುಂಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಸಾಲು ನಿಂತಿರುತ್ತಿತ್ತು. ಇಡೀ ಬೀದಿ ಚಕ್ರಪಾಣಿಯ ಹಾಲಿನಲ್ಲಿ ಸೋಫಾದ ಪಕ್ಕ ಹಾದು, ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂದು ಇಣುಕಿ, ಹಿತ್ತಿಲಿಗೆ ಇಳಿದು ಪಾರ್ಕಿಗೆ ಹೋಗುತ್ತಿತ್ತು. ಹೆಂಡತಿ ಗೋಣಿಚೀಲ ಹಾಸಿ, ಕಾಲು ಒರೆಸದವರನ್ನು ಹಿಂದಕ್ಕೆ ಕಳಿಸುವ ಕಾನೂನು ತಂದಳು. ಎಲ್ಲರಿಗಿಂತ ಕೊನೆಗೆ, ಹೊಸ ಬಿಳಿ ಬೂಟು ಕೈಯಲ್ಲಿ ಹಿಡಿದು ವಕೀಲರು ಬಂದರು. ಎರಡನೆಯ ದಿನವೇ ಅವರು ಸೋಫಾವನ್ನು ಸ್ವಲ್ಪ ಗೋಡೆಗೆ ಸರಿಸಿದರೆ ಓಡಾಡಲು ಅನುಕೂಲ ಎಂದು ಸಲಹೆ ಕೊಟ್ಟರು.

ಚಕ್ರಪಾಣಿಗೆ ಚಿಂತೆ ಶುರುವಾಯಿತು. ಬಂದವರ ಕಾಟಕ್ಕಲ್ಲ. ಜನ ನಿಜವಾಗಿ ನಡೆದು ಹೋಗುವ ದಾರಿ ಎಂದು ನಿಯಮ ಹೇಳುತ್ತಿತ್ತು. ಹೇಳಿದವನು ಅವನೇ. ಜನ ನಿಜವಾಗಿ ನಡೆದು ಹೋಗುತ್ತಿದ್ದರು, ಅದೂ ಅವನ ಕಣ್ಣ ಮುಂದೆ, ಅವನು ಹಲ್ಲುಜ್ಜುತ್ತ ನಿಂತಿರುವಾಗ.

"ವಕೀಲರೇ, ಇದು ದಾರಿ ಅಂತ ಆಗಲ್ವಾ?" ಎಂದು ಒಂದು ದಿನ ತಡೆಯಲಾರದೆ ಕೇಳಿದ.

ವಕೀಲರು ಬೂಟಿನ ದಾರ ಕಟ್ಟುತ್ತಲೇ ನಕ್ಕರು. "ಇದು ದಾರಿ ಅಲ್ಲ, ಸ್ನೇಹ. ಸ್ನೇಹಕ್ಕೆ ಮೀಟರ್ ಲೆಕ್ಕ ಇಲ್ಲ. ಆದರೂ ಒಂದು ಮಾತು ಹೇಳಿರ್ತೀನಿ, ಇದನ್ನ ದಾರಿ ಅಂತ ನೀವು ಬರೆದ ದಿನ ನಾವ್ಯಾರೂ ಈ ಕಡೆ ತಲೆ ಹಾಕಲ್ಲ."

ವರ್ಷಕ್ಕೊಮ್ಮೆಯ ಮರು ಅಳತೆಯ ತಿಂಗಳು ಬಂತು. ಎಂದಿನಂತೆ ಫಾರಂ ಬಂತು. ಅದರ ಕೊನೆಯ ಸಾಲು: 'ಬಳಕೆಯಲ್ಲಿರುವ ಬೇರೆ ದಾರಿ ಇದೆಯೇ?' ಒಂದು ಭಾನುವಾರ ಬೆಳಿಗ್ಗೆ, ಎಲ್ಲರೂ ಪಾರ್ಕಿನಲ್ಲಿದ್ದಾಗ, ಚಕ್ರಪಾಣಿ ಗಾಲಿಯನ್ನು ಹೊರಗೆ ತೆಗೆದ. ವಕೀಲರ ಬಾಗಿಲಿಂದ ಶುರುಮಾಡಿ, ತನ್ನ ಮೆಟ್ಟಿಲು ಹತ್ತಿ, ಸೋಫಾ ದಾಟಿ, ಹಿತ್ತಿಲು ದಾಟಿ ಪಾರ್ಕಿನ ಗೇಟು ಮುಟ್ಟಿಸಿದ. ನೂರ ಎಂಟು. ಔಷಧಿ ಅಂಗಡಿಯಿಂದ ನೂರ ಇಪ್ಪತ್ತಾರು. ಅತಿ ದೂರದ ದರ್ಜಿಯ ಕಿಟಕಿಯಿಂದಲೂ ನೂರ ತೊಂಬತ್ತು ದಾಟಲಿಲ್ಲ. ಮೂವತ್ತೊಂದು ಮನೆಗಳ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದುಕೊಂಡ. ಒಂದೊಂದು ಟಿಕ್ಕಿಗೂ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದೇಕೆ. ನಾಳೆ ನೋಟಿಸು ಹೋಗಲಿ, ವಕೀಲರ ಸ್ನೇಹ ಎಷ್ಟು ಮೀಟರಿದೆ ನೋಡೋಣ ಎಂದುಕೊಂಡ.

ಕೊನೆಯ ಅಳತೆ ಮುಗಿಸಿ ಗೇಟಿಗೆ ಒರಗಿ ನಿಂತಾಗ ಅಕ್ಕ ಕಂಡಳು. ಕಾಲುದಾರಿಯಲ್ಲಿ ಮುಂದೆ ಅವಳು, ಹಿಂದೆ ಏಳೆಂಟು ಹೆಂಗಸರು. "ಎಡ, ಬಲ. ಕೈ ಬೀಸಬೇಕು, ಮಾತು ಕಮ್ಮಿ," ಎಂದು ಅಕ್ಕ ಹಳೆಯ ಗಂಟಲಿನಲ್ಲಿ ಗದರುತ್ತಿದ್ದಳು. ಔಷಧಿ ಅಂಗಡಿಯವರ ಹೆಂಡತಿ ಕಿಸಕ್ಕೆಂದು ನಕ್ಕು ಬೈಸಿಕೊಂಡಳು. ನಾಲ್ಕನೆಯ ಬೆಂಚಿನ ಹತ್ತಿರ ಅಕ್ಕನ ಎಡಗಾಲು ತೊಡರಿತು. ಅವಳು ವಾಲುವುದರೊಳಗೆ ಆರು ಕೈಗಳು ಅವಳನ್ನು ಹಿಡಿದಿದ್ದವು. ವಕೀಲರು ಕೂಡ ಆ ಕಡೆಯಿಂದ ಓಡಿ ಬಂದಿದ್ದರು. ಅಕ್ಕ ಎಲ್ಲರನ್ನೂ ಕೊಡವಿಕೊಂಡು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದಳು.

ಚಕ್ರಪಾಣಿ ಹಾಳೆಯ ಕಡೆ ನೋಡಿದ. ಪೆನ್ಸಿಲಿನ ಅಂಕಿಗಳು ಕೈಯಲ್ಲಿದ್ದವು. ಒಂದೂ ಸುಳ್ಳಲ್ಲ. ಇವು ಕಚೇರಿಗೆ ಹೋದರೆ ನಾಡಿದ್ದು ಈ ಕಾಲುದಾರಿಯಲ್ಲಿ ಅಕ್ಕ ಒಬ್ಬಳೇ ಇರುತ್ತಾಳೆ, ಬಿದ್ದರೆ ನೆಲ ಸಮ ಇದೆಯೇ ಎಂದು ನೋಡುತ್ತ ಕೂತಿರುತ್ತಾಳೆ. ಅವನು ಮನೆಗೆ ಹೋಗಿ ಗಾಲಿಯ ಡಬ್ಬಿಯನ್ನು ಸೊನ್ನೆಗೆ ತಿರುಗಿಸಿದ. ಹೆಂಡತಿಯಿಂದ ರಬ್ಬರು ಇಸಿದುಕೊಂಡ.

"ಏನ್ರೀ ಅಳಿಸ್ತಾ ಇರೋದು?" ಎಂದಳು ಅವಳು.

"ತಪ್ಪು ಲೆಕ್ಕ."

ಅವಳು ಹಾಳೆಯನ್ನು ನೋಡಿದಳು, ಅವನನ್ನು ನೋಡಿದಳು. ಈ ಸಲ ಗೊಣಗಲಿಲ್ಲ. ಆಗಲೇ ಒಂದು ದಂಡು ವಾಪಸು ಬರುತ್ತಿತ್ತು, ಅವಳು ಗೋಣಿಚೀಲ ಕೊಡವಲು ಎದ್ದಳು.

ಸೋಮವಾರ ಮುಖ್ಯಾಧಿಕಾರಿಗಳ ಮುಂದೆ ಫಾರಂ ಇಟ್ಟ. ಅವರು ಪುಟ ತಿರುಗಿಸದೆ ಪೆನ್ನಿನ ಮುಚ್ಚಳ ತೆಗೆದರು.

"ಬೇರೆ ದಾರಿ ಏನಾದ್ರೂ ಬಳಕೆಯಲ್ಲಿ ಇದೆಯೇನ್ರೀ?"

"ಇಲ್ಲ ಸಾರ್."

"ನೀವು ಇಲ್ಲ ಅಂದ್ರೆ ಇಲ್ಲ. ಬೇರೆಯವರ ಅಳತೆ ಆದ್ರೆ ನಾನೇ ಹೋಗಿ ನೋಡ್ತೀನಿ. ನಿಮ್ಮದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬಹುದು," ಎಂದು ಅವರು ಹಾಗೆಯೇ ಹಾಕಿದರು. "ಆದ್ರೂ ಪಾಪ, ಅಷ್ಟು ದೊಡ್ಡ ಪಾರ್ಕಿಗೆ ಹತ್ತಿರ ನಿಮ್ಮದು ಒಂದೇ ಮನೆ. ಅಲ್ಲಿ ಜನಾನೇ ಬರಲ್ವೇನೋ?"

ಚಕ್ರಪಾಣಿ ಫಾರಂ ಎತ್ತಿಕೊಂಡ. ನಾಚಿಕೆಯಾಗುತ್ತದೆ ಎಂದು ಕಾದ, ಆಗಲಿಲ್ಲ.

"ಬರ್ತಾರೆ ಸಾರ್," ಎಂದ. "ಎಲ್ಲ ತುಂಬಾ ದೂರದಿಂದ ಬರ್ತಾರೆ."